ಮಕ್ಕಳ ಗುಡ್ಡದ ಸೈಕಲ್: ಮಳೆಗಾಲಕ್ಕೆ ಮುಂಚೆ ಬ್ರೇಕ್ ನೋಡಿ

ಶಿರಸಿ ಸುತ್ತಮುತ್ತಲಿನ ಗುಡ್ಡದ ದಾರಿಗೆಂದು ಮಕ್ಕಳಿಗೆ ಸೈಕಲ್ ಕೊಳ್ಳುವವರು ಮುಂದಿನ ಚಕ್ರದ ಸಸ್ಪೆನ್ಶನ್ (ಕುಲುಕಾಟ ತಡೆಯುವ ಸ್ಪ್ರಿಂಗ್) ನೋಡಿ ಮರುಳಾಗಬೇಡಿ. ಕಡಿಮೆ ಬೆಲೆಯ ಸೈಕಲ್‌ಗಳಲ್ಲಿ ಅದು ಬರೀ ಭಾರ; ಏರು ಬಂದಾಗ ತಳ್ಳುವವರು ನೀವೇ. ಆ ಹಣವನ್ನು ಚಕ್ರದ ನಡುವಿನ ತಟ್ಟೆಯನ್ನು ಹಿಡಿಯುವ ಡಿಸ್ಕ್ ಬ್ರೇಕಿಗೆ ಹಾಕಿ. ನಮ್ಮ ಕೆಂಪು ಮಣ್ಣಿನ ರಾಡಿ ಮೆತ್ತಿಕೊಂಡರೆ ಚಕ್ರದ ಅಂಚನ್ನು ಹಿಡಿಯುವ ರಿಮ್ ಬ್ರೇಕ್ ಕಿರುಗುಟ್ಟುತ್ತದೆಯೇ ಹೊರತು ಸರಿಯಾಗಿ ಹಿಡಿಯುವುದಿಲ್ಲ.

ಬ್ರೇಕ್ ಹಿಡಿಕೆಯ ಬುಡದಲ್ಲಿ ಸಾಮಾನ್ಯವಾಗಿ ಒಂದು ಪುಟ್ಟ ಸ್ಕ್ರೂ ಇರುತ್ತದೆ. ಅದನ್ನು ತಿರುಗಿಸಿದರೆ ಹಿಡಿಕೆ ಹ್ಯಾಂಡಲ್‌ಗೆ ಹತ್ತಿರ ಬರುತ್ತದೆ. ಮಗುವನ್ನು ಸೀಟಿನ ಮೇಲೆ ಕೂರಿಸಿ, ಅಂಗೈ ಹ್ಯಾಂಡಲ್ ಬಿಡದೆ ಬೆರಳುಗಳಿಂದ ಒತ್ತಲು ಆಗುತ್ತದೆಯೇ ನೋಡಿ. ಪೂರ್ತಿ ಒತ್ತಿದಾಗ ಹಿಡಿಕೆ ಹ್ಯಾಂಡಲ್‌ಗೆ ತಾಗಿದರೆ ಕೇಬಲ್ ಬಿಗಿ ಮಾಡಿಸಬೇಕು. ಇಷ್ಟು ಸರಿಯಾಗುವ ತನಕ ದೇವಿಮನೆ ಘಟ್ಟದ ಕಡೆ ತಲೆ ಹಾಕಿಯೂ ಮಲಗಬೇಡಿ.

ಹೆಲ್ಮೆಟ್ ಹುಬ್ಬಿನಿಂದ ಎರಡು ಬೆರಳು ಮೇಲೆ ಕೂರಬೇಕು. ಬೆಳೆಯುವ ಮಗು ಎಂದು ದೊಡ್ಡ ಅಳತೆಯದು ತರುವುದು ಯೂನಿಫಾರ್ಮಿಗೆ ಸರಿ, ತಲೆಗಲ್ಲ. ದಾರಿಯಲ್ಲಿ ಹತ್ತುವ ಉಂಬಳಕ್ಕೆ (ಜಿಗಣೆಗೆ) ಒಂದಿಷ್ಟು ಉಪ್ಪು ಜೇಬಿನಲ್ಲಿರಲಿ. ಮನೆಗೆ ಬಂದ ಮೇಲೆ ಚೈನ್ ಒರೆಸಿ, ಅದಕ್ಕೆಂದೇ ಸಿಗುವ ಎಣ್ಣೆ ಬಿಡಿ. ಕೈಗೆ ಸಿಕ್ಕಿತೆಂದು ತೆಂಗಿನೆಣ್ಣೆ ಸುರಿಯಬೇಡಿ. ಡಿಸ್ಕಿಗಂತೂ ಯಾವ ಎಣ್ಣೆಯ ಹನಿಯೂ ತಾಗಬಾರದು.