ಬೋನಾಳ ಕೆರೆ: ಗೇಣು ನೀರಿನ ಹಕ್ಕಿ, ಮೊಳ ನೀರಿನ ಹಕ್ಕಿ

ಜಾಲರಿ ಕಟ್ಟಿದ ಪಕ್ಷಿ ಪಾರ್ಕಿನಲ್ಲಿ ಹಕ್ಕಿ ಎಲ್ಲಿದೆ ಎಂದು ಹುಡುಕುವ ಕೆಲಸವಿಲ್ಲ, ಹೆಸರಿನ ಫಲಕವೂ ಪಕ್ಕದಲ್ಲೇ ಇರುತ್ತದೆ. ಅದೇ ಲೆಕ್ಕದಲ್ಲಿ ಬೋನಾಳಕ್ಕೆ ಬಂದವರು ಒಡ್ಡಿನ ಮೇಲೆ ನಿಂತು ದೂರದ ಕರಿ ಚುಕ್ಕೆಗಳನ್ನು ನೋಡುತ್ತಾರೆ, ಒಂದಷ್ಟು ಸೆಲ್ಫಿ ಹೊಡೆದುಕೊಂಡು ‘ಇಲ್ಲೇನೂ ಇಲ್ಲ ಬಿಡ್ರಿ’ ಎಂದು ತಿರುಗಿ ಹೋಗುತ್ತಾರೆ. ಆ ಚುಕ್ಕೆಗಳಲ್ಲಿ ಟಿಬೆಟ್, ಮಂಗೋಲಿಯಾ ಕಡೆಯಿಂದ ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತು ಇರಬಹುದು, ಉತ್ತರ ಏಷ್ಯಾದ ಸೂಜಿಬಾಲದ ಬಾತು ಇರಬಹುದು, ನಮ್ಮ ಊರಿನದೇ ಚುಕ್ಕೆಕೊಕ್ಕಿನ ಬಾತು ಇರಬಹುದು. ಅವನ್ನು ಒಂದರಿಂದ ಇನ್ನೊಂದನ್ನು ಬಿಡಿಸಿ ನೋಡಲು ನಾನು ಅನುಸರಿಸುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಬೋನಾಳ ಇರುವುದು ಯಾದಗಿರಿ ಜಿಲ್ಲೆಯ ಸುರಪುರ ತಾಲೂಕಿನಲ್ಲಿ. ಕೆರೆ ಸುರಪುರದ ನಾಯಕ ಅರಸರ ಕಾಲದ್ದು. 19ನೇ ಶತಮಾನದಲ್ಲಿ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಅದನ್ನು ಸುಧಾರಿಸಿದ. ಕಲಬುರಗಿಯಿಂದ ಜೇವರ್ಗಿ, ಶಹಾಪುರ ಮೇಲೆ ಸುರಪುರ ಸೇರಲು ಹೆಚ್ಚು ಕಡಿಮೆ ನೂರು ಕಿ.ಮೀ., ಅಲ್ಲಿಂದ ಕೆರೆ ಇನ್ನೂ ಹತ್ತು–ಹನ್ನೆರಡು ಕಿ.ಮೀ. ಜನವರಿ ನಡುವಿನಲ್ಲಿ ಸೂರ್ಯ ಹುಟ್ಟುವುದು 6:50ರ ಸುಮಾರಿಗೆ. ಅಷ್ಟರೊಳಗೆ ದಂಡೆಯ ಮೇಲೆ ಇರಬೇಕೆಂದರೆ ಕಲಬುರಗಿಯನ್ನು ನಾಲ್ಕಕ್ಕೆ ಬಿಡಬೇಕು. ನಿದ್ದೆಗೆಟ್ಟ ಕಣ್ಣಿನಲ್ಲಿ ಎಣಿಕೆ ಸರಿಬರುವುದಿಲ್ಲ, ಹಾಗಾಗಿ ಹಿಂದಿನ ರಾತ್ರಿಯೇ ಸುರಪುರದಲ್ಲಿ ಉಳಿಯುವುದು ಮೇಲು. ವಲಸೆ ಹಕ್ಕಿಗಳು ನವೆಂಬರ್‌ನಲ್ಲಿ ಬರತೊಡಗಿ ಮಾರ್ಚ್ ಹೊತ್ತಿಗೆ ಖಾಲಿಯಾಗುತ್ತವೆ. ನನ್ನ ಆಯ್ಕೆ ಜನವರಿ ಎರಡನೇ ವಾರದಿಂದ ಫೆಬ್ರವರಿ ಮೊದಲ ವಾರ. ಯಾಕೆ ಎಂಬುದಕ್ಕೆ ಉತ್ತರ ನೀರಿನಲ್ಲಿದೆ.

ಕೆರೆಗೆ ಹೋದ ಕೂಡಲೇ ದುರ್ಬೀನು ಎತ್ತುವುದಿಲ್ಲ. ಮೊದಲು ನೀರಿನ ಆಳ ಅಂದಾಜು ಮಾಡುತ್ತೇನೆ. ನಮ್ಮ ಕಡೆಯ ಯಾವ ಕೆರೆಯಲ್ಲಾದರೂ ಒಡ್ಡಿನ ಬುಡದಲ್ಲಿ ನೀರು ಆಳ. ಅದರ ಎದುರು ತುದಿಯಲ್ಲಿ, ಹಳ್ಳದ ನೀರು ಬಂದು ಸೇರುವ ಕಡೆ, ತೆಳುವು. ಹಕ್ಕಿಯ ಕಾಲು ಮತ್ತು ಕತ್ತು ಎಷ್ಟು ಉದ್ದವೋ ಅಷ್ಟೇ ನೀರಿನಲ್ಲಿ ಅದರ ಊಟ. ಹಸಿ ಕೆಸರಿನಲ್ಲಿ ಗೊರವ, ಸಣ್ಣ ಟಿಟ್ಟಿಭ, ಬಾಲ ಕುಣಿಸುವ ಸಿಪಿಲೆ. ನಾಲ್ಕು ಬೆರಳು ನೀರಿನಿಂದ ಗೇಣು ನೀರಿನವರೆಗೆ ಮೆಟ್ಟುಗಾಲು ಹಕ್ಕಿ, ಮಿಂಚು ಕೆಂಬರಲು (ಬಾಗಿದ ಕೊಕ್ಕಿನ ಐಬಿಸ್), ಬಿಳಿಹುಬ್ಬಿನ ಸಣ್ಣ ಬಾತು. ಮೊಳ ನೀರಿನಲ್ಲಿ ಬಣ್ಣದ ಕೊಕ್ಕರೆ, ಚಮಚಕೊಕ್ಕು, ತಲೆ ಕೆಳಗೆ ಬಾಲ ಮೇಲೆ ಮಾಡಿ ಮೇಯುವ ಸೂಜಿಬಾಲದ ಬಾತು. ಅದಕ್ಕಿಂತ ಆಳದಲ್ಲಿ ಮುಳುಗಿ ಮೇಯುವವು ಮಾತ್ರ: ನಾಮದ ಕೋಳಿ, ಗುಳುಮುಳಕ, ನೀರುಕಾಗೆ, ಹಾವಕ್ಕಿ.

ಈ ಲೆಕ್ಕ ತಿಳಿದರೆ ಎರಡು ಲಾಭ. ನವೆಂಬರ್‌ನಲ್ಲಿ ಕೆರೆ ತುಂಬಿರುವಾಗ ಗೇಣು ನೀರಿನ ಪಟ್ಟಿ ದಂಡೆಗುಂಟ ಕಿರಿದಾಗಿ, ಅದೂ ಹುಲ್ಲು, ಆಪಿನ (ಜೊಂಡಿನ) ಒಳಗೆ ಅಡಗಿರುತ್ತದೆ; ಹಕ್ಕಿ ಇದ್ದರೂ ಕಾಣುವುದಿಲ್ಲ. ಜನವರಿಗೆ ನೀರು ಇಳಿದು ಕೆಸರು ಬಯಲಾಗುತ್ತದೆ, ಆ ಪಟ್ಟಿ ಅಗಲವಾಗುತ್ತದೆ, ಹಕ್ಕಿಗಳೂ ಹೊರಗೆ ಬರುತ್ತವೆ. ಎರಡನೆಯದು, ಹಕ್ಕಿಯಿಂದಲೇ ಆಳ ತಿಳಿಯುತ್ತದೆ. ಮೆಟ್ಟುಗಾಲು ಹಕ್ಕಿಯ ಹೊಟ್ಟೆ ನೀರಿಗೆ ತಾಗುತ್ತಿದ್ದರೆ ಅಲ್ಲಿ ಸರಿಸುಮಾರು ಗೇಣು ನೀರು. ಮುಂದಿನ ವಾರ ಅದೇ ಜಾಗದಲ್ಲಿ ಅದರ ಮೊಣಕಾಲ ಗಂಟು ಕಂಡರೆ ನೀರು ಇಳಿದಿದೆ, ಬಾತುಗಳು ಒಡ್ಡಿನ ಕಡೆಗೆ ಸರಿದಿರುತ್ತವೆ. ನಾನು ನಿಲ್ಲುವ ಜಾಗವನ್ನೂ ಅಷ್ಟೇ ಬದಲಿಸುತ್ತೇನೆ.

ಮೀನು ಹಿಡಿಯುವವರು, ದನ ಕಾಯುವವರು ಸಿಕ್ಕರೆ ಮೊದಲು ಅವರನ್ನು ಕೇಳಬೇಕು. ಆದರೆ ‘ಹಕ್ಕಿ ಅದಾವೇನ್ರಿ?’ ಎಂದು ಕೇಳಿದರೆ ‘ಭಾಳ ಅದಾವ್ರಿ’ ಎಂಬ ಉತ್ತರ ಬರುತ್ತದೆ, ಅದರಿಂದ ಉಪಯೋಗವಿಲ್ಲ. ‘ಕಾಕಾ, ಹೋದ ವಾರಕ್ಕಿಂತ ನೀರು ಎಷ್ಟು ಇಳದಾದ್ರಿ? ದೊಡ್ಡ ಬಾತು ಮುಂಜಾನಿ ಯಾವ ಹೊಲದ ಕಡಿಂದ ಬರ್ತಾವ್ರಿ?’ ಎಂದು ಕೇಳಿದರೆ ದಿಕ್ಕು ತೋರಿಸಿ ಹೇಳುತ್ತಾರೆ.

ಬೆಳಕಿನ ವಿಷಯ ಚಿಕ್ಕದು, ತಪ್ಪುವವರು ಮಾತ್ರ ಬಹಳ. ಬೆಳಿಗ್ಗೆ ಮೂಡಣ ದಂಡೆಯಿಂದ ಪಡುವಣಕ್ಕೆ ಮುಖ, ಸಂಜೆ ಅದರ ತಿರುವು. ಸೂರ್ಯ ಎದುರಿಗಿದ್ದರೆ ಎಲ್ಲ ಬಾತುಗಳೂ ಕಪ್ಪು. ಹತ್ತು ಗಂಟೆ ದಾಟಿದ ಮೇಲೆ ಎರೆ ನೆಲ ಕಾದು ಬಿಸಿಲ್ಗುದುರೆ ಏಳುತ್ತದೆ. ಆಗ 60 ಪಟ್ಟು ದೊಡ್ಡದು ಮಾಡುವ ಸ್ಕೋಪ್ ಇದ್ದರೂ ಹಕ್ಕಿಯ ಜೊತೆ ಗಾಳಿಯ ನಡುಕವೂ ಅಷ್ಟೇ ದೊಡ್ಡದಾಗುತ್ತದೆ. 25–30ರ ಮೇಲೆ ತಿರುಗಿಸಿ ಪ್ರಯೋಜನವಿಲ್ಲ. ನೆಲಕ್ಕೆ ತಾಗಿ ಕೂತು ನೋಡುವ ಬದಲು ಒಡ್ಡಿನ ಮೇಲೆ ನಿಂತು ನೋಡಿದರೆ ನಡುಕ ಕೊಂಚ ಕಡಿಮೆ.

ದುರ್ಬೀನಿಗೆ 8×42 (ಎಂಟು ಪಟ್ಟು ದೊಡ್ಡದು ಮಾಡುವ, 42 ಮಿ.ಮೀ. ಅಗಲದ ಗಾಜಿನದು) ಸಾಕು. 10×50 ತಂದವರು ಅರ್ಧ ಗಂಟೆಗೆ ತೋಳು ನೋವೆನ್ನುತ್ತಾರೆ. ಕೈ ನಡುಗುವುದೂ ಅದರಲ್ಲಿ ಹೆಚ್ಚು ಕಾಣುತ್ತದೆ. ಹೊಸಬರ ದುರ್ಬೀನು ಇಸಿದುಕೊಂಡು ನೋಡಿದರೆ ಹೆಚ್ಚಿನವು ಹೊಂದಿಸದೆ ಮಸುಕಾಗಿರುತ್ತವೆ. ಹೊಂದಿಸುವುದು ಹೀಗೆ: ನಡುವಿನ ಕೀಲು ಮಡಿಸುತ್ತ ಎರಡು ವೃತ್ತಗಳು ಒಂದಾಗುವಂತೆ ಮಾಡಿ. ಬಲಗಡೆಯ ಗಾಜನ್ನು ಅಂಗೈಯಿಂದ ಮುಚ್ಚಿ, ಐವತ್ತು ಮೀಟರ್ ದೂರದ ಜಾಲಿ ಮುಳ್ಳಿನಂಥ ಸಣ್ಣ ವಸ್ತುವನ್ನು ಎಡಗಣ್ಣಿನಿಂದ ನೋಡುತ್ತ ನಡುವಿನ ಚಕ್ರ ತಿರುಗಿಸಿ, ಮುಳ್ಳು ಚೂಪಾಗಿ ಕಾಣಲಿ. ಈಗ ಎಡಗಡೆ ಮುಚ್ಚಿ, ನಡುವಿನ ಚಕ್ರ ಮುಟ್ಟದೆ, ಬಲಗಣ್ಣಿನ ಬಳೆಯನ್ನು ಮಾತ್ರ ತಿರುಗಿಸಿ ಅದೇ ಮುಳ್ಳು ಚೂಪಾಗುವಂತೆ ಮಾಡಿ. ಬಳೆ ನಿಂತ ಜಾಗಕ್ಕೆ ಉಗುರು ಬಣ್ಣದ ಒಂದು ಚುಕ್ಕೆ ಇಡಿ. ಕೆಲವು ಮಾದರಿಗಳಲ್ಲಿ ಈ ಬಳೆ ಬೇರೆ ಕಡೆ ಇರುತ್ತದೆ, ಕ್ರಮ ಅದೇ. ಕನ್ನಡಕ ಇದ್ದವರು ಕಣ್ಣಿನ ರಬ್ಬರ್ ಕಪ್ ಕೆಳಗಿಳಿಸಿಕೊಳ್ಳಬೇಕು, ಇಲ್ಲವಾದರೆ ಅರ್ಧ ಕೆರೆಯೇ ಕಾಣುತ್ತದೆ.

ಇನ್ನು ಎಲ್ಲರೂ ನೋಡಲು ಬರುವ ಪಟ್ಟೆತಲೆ ಹೆಬ್ಬಾತು. ಅದರ ದಿನಚರಿ ತಿಳಿಯದೆ ಬಂದರೆ ಸಿಗುವುದಿಲ್ಲ. ರಾತ್ರಿ ಹೊಲ, ಹಗಲು ಕೆರೆ. ಸಂಜೆ ಗುಂಪಾಗಿ ಎದ್ದು ಸುತ್ತಲಿನ ಹೊಲಗಳಲ್ಲಿ ಕಾಳು, ಎಳೆ ಪೈರು, ಕೊಯ್ದ ಮೇಲೆ ಉಳಿದ ಶೇಂಗಾ ಮೇಯುತ್ತವೆ, ಬೆಳಿಗ್ಗೆ ಬಿಸಿಲೇರುವ ಹೊತ್ತಿಗೆ ನೀರಿಗೆ ಮರಳುತ್ತವೆ. ಏಳು ಗಂಟೆಗೆ ಕೆರೆ ಖಾಲಿ ಕಂಡಿತೆಂದು ಹೊರಟುಬಿಟ್ಟವರು ಎಂಟೂವರೆಗೆ ಬರುವ ಗುಂಪನ್ನು ಕಳೆದುಕೊಳ್ಳುತ್ತಾರೆ. ಮೂಗಿನಿಂದ ಬರುವಂಥ ‘ಆಂಗ್, ಆಂಗ್’ ಕೂಗು ಮೊದಲು ಕೇಳುತ್ತದೆ, ಆಮೇಲೆ ಆಕಾಶದಲ್ಲಿ ಓರೆ ಸಾಲು.

ಹತ್ತಿರದಿಂದ ನೋಡಿದರೆ ಬಿಳಿ ತಲೆ, ಅದರ ಹಿಂಭಾಗದಲ್ಲಿ ಎರಡು ಕಪ್ಪು ಗೀರು. ಮೇಲಿನ ಗೀರು ಉದ್ದ, ಒಂದು ಕಣ್ಣಿನ ಹಿಂದಿನಿಂದ ನೆತ್ತಿಯ ಹಿಂಬದಿ ಸುತ್ತಿ ಇನ್ನೊಂದು ಕಣ್ಣಿನವರೆಗೆ. ಅದರ ಕೆಳಗೆ ಕತ್ತಿನ ಮೇಲೆ ಗಿಡ್ಡ ಗೀರು. ಕತ್ತಿನ ಪಕ್ಕದಲ್ಲಿ ಮೇಲಿನಿಂದ ಕೆಳಗೆ ಬಿಳಿ ಪಟ್ಟಿ. ಹಳದಿ–ಕಿತ್ತಳೆ ಕೊಕ್ಕು, ತುದಿ ಕಪ್ಪು. ಗೀರು ಇಲ್ಲದ, ನೆತ್ತಿಯಿಂದ ಕತ್ತಿನ ಹಿಂಭಾಗದವರೆಗೆ ಮಾಸಲು ಕಂದು ಇರುವ ಹಕ್ಕಿ ಕಂಡರೆ ಬೇರೆ ಜಾತಿ ಎಂದು ಬರೆಯಬೇಡಿ. ಅದು ಅದೇ ವರ್ಷ ಹುಟ್ಟಿದ ಮರಿ, ಮೊದಲ ಸಲ ದಕ್ಷಿಣಕ್ಕೆ ಬಂದದ್ದು. ಗುಂಪಿನಲ್ಲಿ ಇಂಥವೆಷ್ಟು ಎಂದು ಬೇರೆ ಬರೆದಿಟ್ಟರೆ ಅವು ಮರಿ ಮಾಡುವ ಕಡೆ ಆ ವರ್ಷ ಮರಿಗಳು ಹೇಗೆ ಬದುಕಿದವು ಎಂಬುದರ ಸುಳಿವು ಸಿಗುತ್ತದೆ. ಉಪಗ್ರಹ ಟ್ರಾನ್ಸ್‌ಮಿಟರ್ ಕಟ್ಟಿದ ಹೆಬ್ಬಾತುಗಳು ಹಿಮಾಲಯದ ಮೇಲೆ 7,000 ಮೀಟರ್‌ಗೂ ಎತ್ತರ ಹಾರಿದ ದಾಖಲೆ ಇದೆ. ಇವುಗಳ ರಕ್ತದ ಹಿಮೋಗ್ಲೋಬಿನ್ ತೆಳು ಗಾಳಿಯಲ್ಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ.

ಮಂಗೋಲಿಯಾದಲ್ಲಿ ಸಂಶೋಧಕರು ಕೆಲವು ಹೆಬ್ಬಾತುಗಳ ಕತ್ತಿಗೆ ಅಕ್ಷರ, ಅಂಕಿ ಬರೆದ ಹಸಿರು ಪಟ್ಟಿ ಹಾಕಿ ಬಿಡುತ್ತಾರೆ. ಅಂಥವು ಕರ್ನಾಟಕದ ಕೆರೆಗಳಲ್ಲೂ ಕಂಡಿವೆ. ಹಾಗಾಗಿ ಪ್ರತಿ ಕತ್ತನ್ನೂ ನೋಡಲೇಬೇಕು. ಪಟ್ಟಿ ಕಂಡರೆ ಅದರ ಬಣ್ಣ, ಅಕ್ಷರದ ಬಣ್ಣ, ಪೂರ್ತಿ ಗುರುತು, ದಿನ, ಜಾಗ ಇಷ್ಟನ್ನೂ ಬರೆದು, ಫೋಟೊ ಜೊತೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ತಿಳಿಸಬೇಕು. ಅರ್ಧ ಓದಿದ್ದನ್ನು ಊಹಿಸಿ ಪೂರ್ತಿ ಮಾಡಬಾರದು. ತಪ್ಪು ಅಂಕಿ ಇನ್ಯಾವುದೋ ಹಕ್ಕಿಯ ಖಾತೆಗೆ ಹೋಗುತ್ತದೆ.

ಹೆಚ್ಚು ಗೊಂದಲವಾಗುವುದು ಕೆಂಬರಲುಗಳಲ್ಲಿ. ಕರಿ ಕೆಂಬರಲಿಗೆ ಭುಜದ ಹತ್ತಿರ ಬಿಳಿ ಮಚ್ಚೆ, ನೆತ್ತಿಯ ಮೇಲೆ ಕೆಂಪು ಗಂಟುಗಂಟು ಚರ್ಮ, ಇರುವುದು ಹೆಚ್ಚಾಗಿ ಒಣ ಹೊಲದಲ್ಲಿ. ಮಿಂಚು ಕೆಂಬರಲಿಗೆ ಇವೆರಡೂ ಇಲ್ಲ, ನೀರಿನಲ್ಲಿ ಗುಂಪಾಗಿ ಮೇಯುತ್ತದೆ. ದೂರದಿಂದ ಎರಡೂ ಕಪ್ಪೇ. ಬಕಗಳಲ್ಲಿ ಬೂದು ಬಕ ಬಯಲಲ್ಲಿ ನಿಲ್ಲುತ್ತದೆ. ಕಂದುಗೆಂಪು ಕತ್ತಿಗೆ ಕರಿ ಗೆರೆ ಇರುವ ಕೆನ್ನೀಲಿ ಬಕ ಆಪಿನ ಅಂಚಿನಲ್ಲಿ ಕೋಲಿನ ಹಾಗೆ ನಿಂತುಬಿಡುತ್ತದೆ. ಆಪನ್ನು ಒಂದೇ ಸಲ ಉದ್ದಕ್ಕೆ ನೋಡಿ ಬಿಟ್ಟರೆ ಸಿಗದು, ಒಂದು ತುಂಡನ್ನು ಎರಡು ನಿಮಿಷ ನೋಡಬೇಕು.

ಬಾತುಗಳು ಇನ್ನೂ ಕಷ್ಟ. ನವೆಂಬರ್‌ನಲ್ಲಿ ಬಂದ ಗಂಡುಗಳು ಇನ್ನೂ ಹೆಣ್ಣಿನಂಥ ಕಂದು ವೇಷದಲ್ಲೇ ಇರುತ್ತವೆ. ಡಿಸೆಂಬರ್, ಜನವರಿ ಹೊತ್ತಿಗೆ ಸೂಜಿಬಾಲದ ಗಂಡು ಬಣ್ಣ ತುಂಬಿಕೊಳ್ಳುತ್ತದೆ, ಬಿಳಿಹುಬ್ಬಿನ ಗಂಡು ಇನ್ನೂ ತಡ. ಬಣ್ಣವನ್ನು ನಂಬದೆ ಕೊಕ್ಕು ನೋಡಿ. ಸಲಿಕೆಯ ಹಾಗೆ ತುದಿ ಅಗಲವಾಗಿ ತಲೆಗಿಂತ ದೊಡ್ಡದೆನಿಸಿದರೆ ಸಲಿಕೆಕೊಕ್ಕಿನ ಬಾತು. ಕರಿ ಕೊಕ್ಕಿನ ತುದಿ ಹಳದಿಯಿದ್ದರೆ ನಮ್ಮ ಚುಕ್ಕೆಕೊಕ್ಕು. ಸಪೂರ ಬೂದು ಕೊಕ್ಕು, ಉದ್ದ ಕತ್ತು, ಚೂಪು ಬಾಲ ಇದ್ದರೆ ಸೂಜಿಬಾಲದ ಹೆಣ್ಣು. ಮೂರೂ ಅಲ್ಲದ ಕಂದು ಬಾತನ್ನು ‘ಬಾತು, ಗೊತ್ತಾಗಲಿಲ್ಲ’ ಎಂದೇ ಬರೆಯುತ್ತೇನೆ. ಪಟ್ಟಿ ಉದ್ದ ಮಾಡುವ ಚಟಕ್ಕಿಂತ ಆ ಒಂದು ಸಾಲು ಎಷ್ಟೋ ವಾಸಿ.

ಎಣಿಕೆಗೆ ನನ್ನ ಕ್ರಮ: ನೂರರವರೆಗೆ ಒಂದೊಂದಾಗಿ. ಅದಕ್ಕಿಂತ ದೊಡ್ಡ ಗುಂಪಾದರೆ ಮೊದಲು ಹತ್ತು ಎಣಿಸಿ, ಅವು ದುರ್ಬೀನಿನ ವೃತ್ತದಲ್ಲಿ ಎಷ್ಟು ಜಾಗ ಹಿಡಿದವು ಎಂದು ಮನಸ್ಸಿನಲ್ಲಿಟ್ಟು, ಅಂಥ ಐದು ತುಂಡು ಸೇರಿಸಿ ಐವತ್ತರ ಅಳತೆ ಮಾಡಿಕೊಳ್ಳುತ್ತೇನೆ. ಎಡದಿಂದ ಬಲಕ್ಕೆ ಒಮ್ಮೆ, ಬಲದಿಂದ ಎಡಕ್ಕೆ ಒಮ್ಮೆ. ಎರಡರ ನಡುವೆ ಹತ್ತಕ್ಕೆ ಒಂದಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಮೂರನೇ ಸಲ. ಗುಂಪಿನ ನಡುವೆ ದಟ್ಟ, ಅಂಚಿನಲ್ಲಿ ವಿರಳ. ಅಂಚಿನ ಅಳತೆಯನ್ನು ನಡುವಿಗೆ ಹಚ್ಚಿದರೆ ಲೆಕ್ಕ ಕಡಿಮೆ ಬರುತ್ತದೆ. ನಾಮದ ಕೋಳಿ ಮುಳುಗುವ ಹಕ್ಕಿ, ಒಂದು ಕ್ಷಣ ಕಂಡಷ್ಟೇ ನಿಜವಲ್ಲ. ಒಂದು ನಿಮಿಷ ಕಾದು ಅತಿ ಹೆಚ್ಚು ಕಂಡ ಸಂಖ್ಯೆ ಹಿಡಿಯುತ್ತೇನೆ. ಜೌಗಿನ ಸೆಳೆವ ಎಂಬ ಬೇಟೆ ಹಕ್ಕಿ ಮೇಲೆ ಸುಳಿದು ಎಲ್ಲವೂ ಎದ್ದರೆ ಎಣಿಕೆ ಅಲ್ಲಿಗೇ ಬಿಟ್ಟು, ಅವು ಕೂತ ಮೇಲೆ ಮೊದಲಿನಿಂದ ಶುರು. ಏಷ್ಯನ್ ನೀರುಹಕ್ಕಿ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿದೆ. ಅದೇ ದಿನಗಳಲ್ಲಿ ಹೋದರೆ ನಮ್ಮ ಅಂಕಿಗೆ ಹೋಲಿಸಲು ಜೊತೆ ಸಿಗುತ್ತದೆ. ಎಳ್ಳ ಅಮಾವಾಸ್ಯೆಯ ದಿನ ಮಾತ್ರ ಬೇಡ. ಚರಗ (ಭೂಮಿಗೆ ಎಡೆ) ಚೆಲ್ಲಲು ಊರಿಗೆ ಊರೇ ಹೊಲದಲ್ಲಿರುತ್ತದೆ, ಅಂದಿನ ಹಕ್ಕಿ ಲೆಕ್ಕ ಯಾವ ದಿನಕ್ಕೂ ಹೊಂದುವುದಿಲ್ಲ. ಆ ದಿನ ಸಜ್ಜಿ ರೊಟ್ಟಿ, ಭಜ್ಜಿ ತಿನ್ನುವುದೇ ಸರಿ.

ಎಷ್ಟು ಹತ್ತಿರ ಹೋಗಬಹುದು ಎಂಬುದನ್ನು ಹಕ್ಕಿಯೇ ಹೇಳುತ್ತದೆ. ಮೇಯುವುದು ನಿಲ್ಲಿಸಿ ಕತ್ತು ನೆಟ್ಟಗೆ ಮಾಡಿದರೆ ಅಲ್ಲೇ ನಿಲ್ಲಬೇಕು. ಎಲ್ಲವೂ ಒಂದೇ ದಿಕ್ಕಿಗೆ ನಡೆಯತೊಡಗಿದರೆ ನಾಲ್ಕು ಹೆಜ್ಜೆ ಹಿಂದೆ. ಬಿಳಿ ಅಂಗಿ ಬೇಡ. ನಮ್ಮ ಬಿಸಿಲಿಗೆ ಬಿಳಿಯೇ ಹಿತ, ಆದರೆ ಒಡ್ಡಿನ ಮೇಲೆ ಅದು ಅರ್ಧ ಮೈಲಿಗೆ ಕಾಣುತ್ತದೆ.

ನೆಲದ್ದೂ ಒಂದು ಮಾತು. ಮಳೆಯಾದ ಮರುದಿನ ಎರೆ ಹಾದಿಗೆ ಬೈಕ್ ಇಳಿಸಬೇಡಿ. ಮಣ್ಣು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಅಂಟಿ ಗಾಲಿ ತಿರುಗುವುದೇ ನಿಲ್ಲುತ್ತದೆ, ಕಡ್ಡಿ ಹಿಡಿದು ಕೆರೆಯುತ್ತ ಕೂರಬೇಕಾಗುತ್ತದೆ. ಗರಸು ಹಾಕಿದ ರಸ್ತೆಯಲ್ಲೇ ನಿಲ್ಲಿಸಿ ನಡೆಯುವುದು ಒಳ್ಳೆಯದು. ಒಣಗಿದ ಮೇಲೆ ಜಾಲಿ ಮುಳ್ಳು. ಪಂಕ್ಚರ್ ಕಿಟ್, ಗಾಳಿ ಪಂಪ್ ಜೊತೆಗಿರಲಿ. ತಲಾ ಎರಡು ಲೀಟರ್ ನೀರು, ರೊಟ್ಟಿ, ಶೇಂಗಾ ಹಿಂಡಿ ಇದ್ದರೆ ಸಂಜೆಯವರೆಗೆ ಕೂರಬಹುದು. ಮೊಬೈಲಿನಲ್ಲಿ ಹಕ್ಕಿಯ ಆ್ಯಪ್ ಬಳಸುವವರು ಅದರ ಹಕ್ಕಿ ಮಾಹಿತಿಯ ಪ್ಯಾಕ್ ಮನೆಯಲ್ಲೇ ಇಳಿಸಿಕೊಂಡು ಬರಬೇಕು.

ಸಂಜೆಯವರೆಗೆ ಕೂರಬೇಕು ಎನ್ನುವುದಕ್ಕೆ ಕಾರಣ ಇದೆ. ಜನವರಿಯಲ್ಲಿ ಸೂರ್ಯ ಮುಳುಗುವುದು ಆರು ದಾಟಿ ಕೆಲವು ನಿಮಿಷಕ್ಕೆ. ಅದರ ಆಚೀಚಿನ ಅರ್ಧ ಗಂಟೆಯಲ್ಲಿ ಹೆಬ್ಬಾತುಗಳು ಹೊಲಕ್ಕೆ ಹೊರಡುತ್ತವೆ, ಸಾಲುಸಾಲಾಗಿ, ಆಕಾಶಕ್ಕೆ ಎದುರಾಗಿ. ಇಡೀ ದಿನದಲ್ಲಿ ಅತಿ ನಿಖರ ಎಣಿಕೆ ಸಿಗುವುದು ಆಗಲೇ. ಪ್ರತಿ ಸಾಲನ್ನೂ ಹೊರಟ ಸಮಯ, ದಿಕ್ಕು, ಸಂಖ್ಯೆ ಎಂದು ಮೂರು ಅಂಕಣದಲ್ಲಿ ಬರೆದು, ಬೆಳಗಿನ ಲೆಕ್ಕದ ಪಕ್ಕದಲ್ಲಿಡುತ್ತೇನೆ. ಕತ್ತಲಾದ ಮೇಲೂ ಕೆಲವು ಗುಂಪು ಕೂಗುತ್ತ ನೀರಿನಲ್ಲೇ ಉಳಿದಿರುತ್ತವೆ. ಅದಕ್ಕೇ ಬೆಳಿಗ್ಗೆ ಬಂದಾಗಲೇ ಗಾಡಿಯನ್ನು ರಸ್ತೆ ಕಡೆ ಮುಖ ಮಾಡಿ ನಿಲ್ಲಿಸಿರುತ್ತೇನೆ. ಹೊರಡುವಾಗ ಹೆಡ್‌ಲೈಟ್ ಕೆರೆಯ ಮೇಲೆ ಬೀಳುವುದಿಲ್ಲ.