ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನ ಪಾಪ್‌ಅಪ್ ಶೀರ್ಷಿಕೆಗಳನ್ನು ಬದಲಿಸುವ ಬಗೆ

ದಾವಣಗೆರೆಯ ಡಿಟಿಪಿ ಅಂಗಡಿಯೊಂದರಲ್ಲಿ ನುಡಿ ತಂತ್ರಾಂಶದ ಹಳೆಯ ಕಡತವನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಪಠ್ಯ ತಿದ್ದುವ ತಂತ್ರಾಂಶವಾದ ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ತಿದ್ದುತ್ತಿರುವಾಗ, ಅದೇ ಕಡತವನ್ನು ಪರಿವರ್ತಕ ಮತ್ತೊಮ್ಮೆ ಬರೆದರೆ ‘ರೀಲೋಡ್’ ಎಂಬ ಶೀರ್ಷಿಕೆಯ ಪೆಟ್ಟಿಗೆ ತೆರೆದುಕೊಳ್ಳುತ್ತದೆ. ಸೇವ್ ಮಾಡದ ತಿದ್ದುಪಡಿಗಳಿಲ್ಲದಿದ್ದರೆ ‘ಯೆಸ್’ (ಹೌದು) ಒತ್ತುವುದರಿಂದ ನಷ್ಟವಿಲ್ಲ. ಇದ್ದರೆ ಅವೆಲ್ಲವೂ ಹೋಗುತ್ತವೆ. ಈ ಎರಡು ಸಂದರ್ಭಗಳಿಗೆ ಎರಡು ಬೇರೆ ಪೆಟ್ಟಿಗೆಗಳಿದ್ದರೂ ಶೀರ್ಷಿಕೆ ಮಾತ್ರ ಒಂದೇ. ಅವಸರದಲ್ಲಿ ಕೆಲಸ ಮಾಡುವವರ ಕಣ್ಣಿಗೆ ಮೊದಲು ಬೀಳುವುದು ಶೀರ್ಷಿಕೆಯೇ ಆದ್ದರಿಂದ ಇದನ್ನು ಬದಲಿಸುವುದು ಅಗತ್ಯವೆಂದೇ ನನ್ನ ಅಭಿಪ್ರಾಯ.

ತಂತ್ರಾಂಶದ ಮೂಲ ಸಂಕೇತವು (ಸೋರ್ಸ್ ಕೋಡ್) ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿದೆ. ಪವರ್‌ಎಡಿಟರ್ ಫೋಲ್ಡರಿನ ಒಳಗಿನ ಎಸ್‌ಆರ್‌ಸಿಯಲ್ಲಿ ‘ಡೂರೀಲೋಡ್‌ಆರ್‌ನಾಟ್’ ಎಂದು ಹುಡುಕಿದರೆ, ತಿದ್ದುಪಡಿ ಉಳಿದಿದೆಯೇ ಎಂದು ನೋಡಿ ಎರಡರಲ್ಲಿ ಒಂದು ಪೆಟ್ಟಿಗೆಯನ್ನು ಕರೆಯುವ ಫಂಕ್ಷನ್ ಸಿಗುತ್ತದೆ. ಪೆಟ್ಟಿಗೆಯನ್ನು ತೋರಿಸುವ ಮೆಸೇಜ್‌ಬಾಕ್ಸ್ ಕರೆಗೆ ಮೊದಲು ಕೊಡುವುದು ಟ್ಯಾಗ್‌ನ (ಆ ಪೆಟ್ಟಿಗೆಯನ್ನು ಗುರುತಿಸುವ ಪದದ) ಹೆಸರು, ಎರಡನೆಯದು ವಿಂಡೋ, ಮೂರನೆಯದು ಸಂದೇಶ, ನಾಲ್ಕನೆಯದು ಶೀರ್ಷಿಕೆ. ಆದರೆ ಇಲ್ಲಿ ನಾಲ್ಕನೆಯದನ್ನಷ್ಟೇ ಬದಲಿಸಿ ಕಂಪೈಲ್ ಮಾಡಿದರೆ (ಸಂಕೇತದಿಂದ ತಂತ್ರಾಂಶವನ್ನು ಮತ್ತೆ ಕಟ್ಟಿದರೆ) ಪರದೆಯ ಮೇಲೆ ಹಳೆಯದೇ ಕಾಣಬಹುದು; ಏಕೆಂದರೆ ಅದೇ ಟ್ಯಾಗ್ ಭಾಷಾ ಕಡತದಲ್ಲಿ (ಪರದೆಯ ಪಠ್ಯದ ಅನುವಾದವಿರುವ ಕಡತದಲ್ಲಿ) ಇದ್ದರೆ ಅಲ್ಲಿನ ಶೀರ್ಷಿಕೆಗೇ ಆದ್ಯತೆ, ಸಂಕೇತದಲ್ಲಿರುವುದು ಅದು ಸಿಗದಿದ್ದಾಗಿನ ಪರ್ಯಾಯ.

ಆದ್ದರಿಂದ ಮೊದಲು ಭಾಷಾ ಕಡತವನ್ನೇ ತಿದ್ದಿ; ಅದಕ್ಕೆ ಕಂಪೈಲರ್ ಬೇಕಿಲ್ಲ. ಪ್ರಿಫರೆನ್ಸಸ್‌ನ ಜನರಲ್ ಪುಟದಲ್ಲಿ ಕನ್ನಡವನ್ನು ಆರಿಸಿ, ಆ್ಯಪ್‌ಡೇಟಾದ ರೋಮಿಂಗ್‌ನಲ್ಲಿರುವ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಫೋಲ್ಡರಿನ ನೇಟಿವ್‌ಲ್ಯಾಂಗ್ ಎಕ್ಸ್‌ಎಂಎಲ್ ಕಡತಕ್ಕೆ ಒಂದು ಪ್ರತಿ ಮಾಡಿಟ್ಟು ತೆರೆಯಿರಿ. ಮೆಸೇಜ್‌ಬಾಕ್ಸ್ ವಿಭಾಗದಲ್ಲಿ ಈ ಎರಡು ಪೆಟ್ಟಿಗೆಗಳ ಟ್ಯಾಗ್‌ಗಳಿದ್ದರೆ ಟೈಟಲ್‌ನ ಉದ್ಧರಣ ಚಿಹ್ನೆಗಳ ನಡುವಿನ ಪಠ್ಯವನ್ನಷ್ಟೇ ಬದಲಿಸಿ: ಮೊದಲನೆಯದಾದ ‘ಡೂರೀಲೋಡ್‌ಆರ್‌ನಾಟ್’ಗೆ ‘ಮತ್ತೆ ತೆರೆಯಬೇಕೆ?’, ಎರಡನೆಯದಾದ ‘ಡೂರೀಲೋಡ್‌ಆರ್‌ನಾಟ್‌ಆ್ಯಂಡ್‌ಲೂಸ್‌ಚೇಂಜ್’ಗೆ ‘ತಿದ್ದುಪಡಿಗಳು ಹೋಗುತ್ತವೆ’. ಎರಡನೆಯ ಟ್ಯಾಗ್‌ನ ಹೆಸರಿನಲ್ಲಿ ‘ಲೂಸ್’ ಎಂಬುದಕ್ಕೆ ಎರಡು ಓ ಇವೆ. ಕಾಗುಣಿತದ ತಪ್ಪೆಂದು ಸರಿಪಡಿಸಿದರೆ ಸಂಕೇತಕ್ಕೆ ಆ ಟ್ಯಾಗ್ ಸಿಗುವುದಿಲ್ಲ. ಸಂದೇಶದೊಳಗೆ ಡಾಲರ್ ಚಿಹ್ನೆಗಳ ನಡುವೆ ಇರುವ ಎಸ್‌ಟಿಆರ್ ರಿಪ್ಲೇಸ್ ಎಂಬುದು ಕಡತದ ಹೆಸರು ಬರುವ ಜಾಗ, ಅದನ್ನೂ ಮುಟ್ಟಬಾರದು. ಯುಟಿಎಫ್ 8ರಲ್ಲಿ ಸೇವ್ ಮಾಡಿ, ತಂತ್ರಾಂಶವನ್ನು ಮುಚ್ಚಿ ಮತ್ತೆ ತೆರೆಯಿರಿ.

ಮೆಸೇಜ್‌ಬಾಕ್ಸ್ ಅಲ್ಲದ ಸಂವಾದ ಪೆಟ್ಟಿಗೆಗಳ ಶೀರ್ಷಿಕೆಗಳು ಮೂಲ ಸಂಕೇತದ ಆರ್‌ಸಿ (ರಿಸೋರ್ಸ್) ಕಡತಗಳ ಕ್ಯಾಪ್ಷನ್ ಸಾಲಿನಲ್ಲಿವೆ; ಅವುಗಳಿಗೂ ಭಾಷಾ ಕಡತದ ಡೈಲಾಗ್ ವಿಭಾಗವೇ ಸುಲಭದ ದಾರಿ. ಬದಲಿಸಿದ ಆವೃತ್ತಿಯನ್ನು ಇತರರಿಗೆ ಹಂಚುವುದಾದರೆ, ಈ ತಂತ್ರಾಂಶದ ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಪರವಾನಗಿಯಂತೆ ಅದರ ಮೂಲ ಸಂಕೇತವನ್ನೂ ಒದಗಿಸಬೇಕು.

ಪರೀಕ್ಷಿಸಲು ಒಂದು ಪ್ರಯೋಗದ ಕಡತವನ್ನು ತೆರೆದು, ಅದನ್ನು ವಿಂಡೋಸ್‌ನ ನೋಟ್‌ಪ್ಯಾಡ್‌ನಲ್ಲಿ ಬದಲಿಸಿ ಸೇವ್ ಮಾಡಿ ಹಿಂತಿರುಗಿ. ಒಮ್ಮೆ ಏನನ್ನೂ ತಿದ್ದದೆ, ಇನ್ನೊಮ್ಮೆ ಒಂದಕ್ಷರ ತಿದ್ದಿ ಸೇವ್ ಮಾಡದೆ ಹೀಗೆ ಮಾಡಿದರೆ ಎರಡು ಶೀರ್ಷಿಕೆಗಳೂ ಬೇರೆಬೇರೆಯಾಗಿ ಕಾಣಬೇಕು.