ಅಜ್ಜಿ ಮಸುಕು, ಚಿಲಕ ಸ್ಪಷ್ಟ

ದೊಡ್ಡಪ್ಪನ ಅಗ್ಫಾ ಐಸೊಲೆಟ್ 2 ಕ್ಯಾಮೆರಾ ನನ್ನ ಕೈಗೆ ಬಂದಾಗ ಜತೆಗೆ ಎರಡು ಸಣ್ಣ ಸಾಮಾನು ಇದ್ದವು. ಒಂದು, ಬೆಳಕು ಅಳೆಯುವ ಸೆಲೆನಿಯಂ ಲೈಟ್ ಮೀಟರ್. ಇನ್ನೊಂದು ಕ್ಯಾಮೆರಾದ ತಲೆ ಮೇಲಿನ ಶೂ ಅನ್ನುವ ಹಿಡಿಕೆಗೆ ಸಿಕ್ಕಿಸುವ, ದೂರ ಅಳೆಯುವ ರೇಂಜ್‌ಫೈಂಡರ್. ಅದರ ಚಕ್ರ ತಿರುಗಿಸಿ ಜೋಡಿ ಬಿಂಬ ಒಂದಾದಾಗ ದೂರ ಓದಿ, ಲೆನ್ಸ್ ರಿಂಗನ್ನು ಅಷ್ಟಕ್ಕೆ ನಾವೇ ಇಡಬೇಕು.

ಮೊದಲ ರೋಲಿನಲ್ಲಿ, ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿಯನ್ನು ತೆಗೆದೆ. ಲೈಟ್ ಮೀಟರ್ ಎಫ್ 4.5 ಅಂದಿತು (ಎಫ್ ಅಂದರೆ ಲೆನ್ಸ್ ಬಾಯಿಯ ಅಳತೆ; ಅಂಕಿ ಚಿಕ್ಕದಾದಷ್ಟೂ ಬಾಯಿ ದೊಡ್ಡದು, ಸ್ಪಷ್ಟವಾಗಿ ಸಿಗುವ ಆಳ ಕಡಿಮೆ), ರೇಂಜ್‌ಫೈಂಡರ್ 2.3 ಮೀಟರ್ ಅಂದಿತು. "ಇನ್ನೂ ಆಗ್ಲಿಲ್ವೇನೋ?" ಅಂತ ಅಜ್ಜಿ ಗದರಿದರು. ನೆಗೆಟಿವ್ ನೋಡಿದರೆ ಅಜ್ಜಿಯ ಮುಖ ಮಸುಕು, ಹಿಂದಿನ ಬಾಗಿಲ ಚಿಲಕ ಗೆರೆ ಕೊರೆದ ಹಾಗಿದೆ. ಕೈ ನಡುಗಿದ್ದರೆ ಚಿಲಕವೂ ಅಲುಗಬೇಕಿತ್ತು, ಅಲ್ವಾ?

ಗಾರೆಯವರ ಟೇಪು ತಂದು ಅಳೆದೆ. ಅಜ್ಜಿ ಕೂತ ಜಾಗ ಸರಿಯಾಗಿ 2 ಮೀಟರ್. ಐಸೊಲೆಟ್‌ನ 85 ಮಿ.ಮೀ. ಲೆನ್ಸಿಗೆ ಎಫ್ 4.5ರಲ್ಲಿ, 2 ಮೀಟರ್ ದೂರಕ್ಕೆ, ಸ್ಪಷ್ಟವಾಗಿ ಸಿಗುವುದು ಸುಮಾರು ಒಂದು ಗೇಣು ಆಳ ಅಷ್ಟೇ. 30 ಸೆಂ.ಮೀ. ತಪ್ಪಿದರೆ ಮುಖ ಹೋಯಿತು ಅಂತಲೇ ಲೆಕ್ಕ.

ಆದರೆ ನೆರಳಿರುವ ಜಗಲಿ ಅಂದರೂ ಹಗಲು ಹೊತ್ತು. ಲೆನ್ಸ್ ಬಾಯಿ ಅಷ್ಟು ತೆರೆಯುವ ಅಗತ್ಯವೇನಿತ್ತು? ಮೀಟರನ್ನು ಬಿಸಿಲಿಗೆ ಹಿಡಿದೆ. 100 ಐಎಸ್‌ಒಗೆ (ಐಎಸ್‌ಒ ಅಂದರೆ ಫಿಲ್ಮ್ ಬೆಳಕಿಗೆ ಎಷ್ಟು ಚುರುಕು ಅನ್ನುವ ಅಂಕಿ) ಎಫ್ 16, 1/100 ಸೆಕೆಂಡ್. ಸರಿಯಾಗಿದೆ. ಜಗಲಿಯಲ್ಲಿ ಫೋನಿನ ಆ್ಯಪ್ ಜತೆ ಹೋಲಿಸಿದರೆ ಸುಮಾರು ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ ಅಥವಾ ಇಮ್ಮಡಿ) ಕಡಿಮೆ ಓದುತ್ತಿದೆ, ಅದಕ್ಕೇ ಲೆನ್ಸ್ ಬಾಯಿ ಅಷ್ಟು ತೆರೆಯಲು ಹೇಳಿತು. ಬ್ಯಾಟರಿ ಇಲ್ಲದ ಮೀಟರ್ ಅದು, ಬೀಳುವ ಬೆಳಕೇ ಕರೆಂಟ್ ಹುಟ್ಟಿಸಿ ಮುಳ್ಳು ಎಬ್ಬಿಸಬೇಕು. ಸೆಲೆನಿಯಂ ಮುದಿಯಾದರೆ ಕಸುವು ಕುಂದುತ್ತದೆ. ನನ್ನದರಲ್ಲಿ ಅದು ಕಡಿಮೆ ಬೆಳಕಲ್ಲೇ ಬಯಲಾಯಿತು.

ನೆಗೆಟಿವ್ ಫಿಲ್ಮಿಗೆ ಬೆಳಕು ಸ್ವಲ್ಪ ಜಾಸ್ತಿ ಬಿದ್ದರೆ ತೊಂದರೆ ಇಲ್ಲ, ಪ್ರಿಂಟ್ ಮಾಡುವಾಗ ಸರಿ ಮಾಡಬಹುದು. ಮೀಟರ್ ಸುಳ್ಳು ಹೇಳಿದ್ದು ಅದಕ್ಕೇ ನನಗೆ ಕಾಣಲೇ ಇಲ್ಲ. ಎಫ್ 8 ಇಟ್ಟಿದ್ದರೆ ಎರಡು ಗೇಣು ಸಿಗುತ್ತಿತ್ತು, ರೇಂಜ್‌ಫೈಂಡರಿನ ತಪ್ಪು ಮುಕ್ಕಾಲು ಮುಚ್ಚಿಹೋಗುತ್ತಿತ್ತು.

ರೇಂಜ್‌ಫೈಂಡರ್ ಸುಲಭವಾಗಿ ದಾರಿಗೆ ಬಂತು. ಚಕ್ರವನ್ನು ಅನಂತಕ್ಕೆ ಇಟ್ಟು, ದೂರದ ಮೊಬೈಲ್ ಟವರ್ ನೋಡುತ್ತಾ ಒಳಗಿನ ಸಣ್ಣ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದೆ. ಎರಡು ಟವರ್ ಒಂದಾಯಿತು. ಆಮೇಲೆ 2 ಮತ್ತು 3 ಮೀಟರಿಗೆ ಟೇಪು ಹಿಡಿದು ಮತ್ತೆ ನೋಡಿದೆ. ಮುಚ್ಚಳ ತೆಗೆದಾಗ ಒಳಗಿನ ಅರೆಗನ್ನಡಿ ಮಾತ್ರ ಸುಮ್ನೆ ಒರೆಸಬೇಡಿ, ಲೇಪ ಕಿತ್ತು ಬರುತ್ತದೆ. ಬಿಂಬ ಬಿಡಿಸಿ ಕಾಣಲಿ ಅಂತ ಒಂದು ಕಿಂಡಿಗೆ ಹಳದಿ ಜಿಲೇಟಿನ್ ಕಾಗದದ ಚೂರು ಅಂಟಿಸಿದೆ. ಅಜ್ಜಿಯ ಬಿಳಿ ಸೀರೆಯ ಅಂಚು ಈಗ ಥಟ್ಟನೆ ಕೂಡಿಕೊಳ್ಳುತ್ತದೆ.

ಮೀಟರಿಗೆ ರಿಪೇರಿ ಇಲ್ಲ. ಬಿಸಿಲಿಗೆ ಅದರ ಐಎಸ್‌ಒ ಡಯಲ್ 100ರಲ್ಲಿ, ಜಗಲಿಗೆ ಆ ಒಂದೂವರೆ ಸ್ಟಾಪ್ ಸರಿದೂಗಲು 300ರ ಹತ್ತಿರ. ಸಂಜೆ ದೀಪ ಹಚ್ಚಿದ ಮೇಲೆ ಮುಳ್ಳು ಏಳುವುದೇ ಇಲ್ಲ. ಆಗ ಫೋನನ್ನೇ ತೆಗೆಯುತ್ತೇನೆ.